ಕೋಳಿಗಾಡಿಯವನ ಹೆಸರು

ಬಸ್ಸು ಹೊನ್ನಾಳಿ ಮುಟ್ಟುವುದರೊಳಗೆ ಸಿದ್ದೇಶ ಮಗಳ ಮೂಗನ್ನು ಏಳು ಸಲ ಒರೆಸಿದ್ದ. ಟವೆಲಿಗೆ ಏನೂ ಹತ್ತಿರಲಿಲ್ಲ. ಆದರೂ ಅವಳು ಕತ್ತು ತಿರುಗಿಸಿ ಅವನ ಮುಖ ನೋಡುವುದು, ಮೂಗನ್ನು ಇಲಿಮರಿಯ ಹಾಗೆ ಮುದುಡುವುದು, ಅವನು ಒರೆಸುವುದು, ಅವಳು ಕೊಸರಾಡುವುದು, ನ್ಯಾಮತಿ ಬಿಟ್ಟಾಗಿನಿಂದ ಇದೇ ನಡೆದಿತ್ತು.

"ಹುಡುಗಿಗೆ ನೆಗಡಿ ಆಗೈತೆ," ಎಂದ ಪಕ್ಕದ ಸೀಟಿನ ಮುದುಕ. "ಕಿಟಕಿ ಹಾಕ್ರಿ. ಗಾಳಿ ಹೊಡೆದ್ರೆ ಎದೆಗೆ ಇಳೀತದೆ."

ಸಿದ್ದೇಶ ಕಿಟಕಿ ಎಳೆದ. ಧನುಶ್ರೀ ಕಿರುಚಿದಳು. ಒಂಬತ್ತು ವರ್ಷದ ಹುಡುಗಿ ಕೈಕಾಲು ಸೆಟೆಸಿಕೊಂಡು ಅಪ್ಪನ ತೊಡೆಯ ಮೇಲೆ ಬಿಲ್ಲಿನ ಹಾಗೆ ಬಾಗಿದಳು. ಮುಂದಿನ ನಾಲ್ಕು ಸೀಟಿನವರು ತಿರುಗಿ ನೋಡಿದರು. ಈ ನೋಟಗಳನ್ನು ಎರಡು ವರ್ಷದಿಂದ ಪ್ರತಿ ಬುಧವಾರ ಹೆಂಡತಿ ಅಂಬಿಕಾ ಸಹಿಸಿಕೊಂಡು ಬಂದಿದ್ದಳು. ಸಿದ್ದೇಶನಿಗೆ ಇವತ್ತು ಮೊದಲನೇ ಸಲ. ಅವನು ಕಿಟಕಿಯನ್ನು ಮತ್ತೆ ತೆಗೆದ. ಮುದುಕ ಮಫ್ಲರನ್ನು ಕಿವಿಗೆ ಸುತ್ತಿಕೊಂಡು ಆ ಕಡೆ ತಿರುಗಿದ.

ಅಂಬಿಕಾಗೆ ಮಂಡಿ ಎರಡೂ ಊದಿಕೊಂಡಿದ್ದವು. ಓಣಿಯಲ್ಲಿ ಅರ್ಧ ಜನಕ್ಕೆ ಅದೇ ಕೀಲುಜ್ವರ. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದೇ ಒಂದು ಪ್ರಯಾಣ. ಬೆಳಿಗ್ಗೆ ಮಂಚದ ಮೇಲಿಂದಲೇ ಮಗಳ ತಲೆ ಬಾಚಿ ಗಂಡನ ಕೈಗೆ ಕೊಟ್ಟಿದ್ದಳು.

"ಇವತ್ತು ತಪ್ಪಿಸಾಕೆ ಆಗಲ್ಲ. ದಾವಣಗೆರೆಯಿಂದ ಮೇಡಮ್ಮು ಬರ್ತಾರೆ. ಅವರು ಬರೆದ್ರೆ ಜೂನಿಗೆ ಧನು ನಮ್ಮ ಓಣಿ ಸ್ಕೂಲಿಗೆ ಹೋಗ್ತಾಳೆ. ಬರೀಲಿಲ್ಲ ಅಂದ್ರೆ ಇನ್ನೊಂದು ವರ್ಷ ಮನೇಲೇ ಪಾಠ."

"ಮನೇಲಿ ಇದ್ರೆ ಏನಾಗ್ತದೆ?"

"ನನ್ನ ಮುಖ ನೋಡ್ಕೊಂಡು ಕುಂತಿರ್ತಾಳೆ. ನೀನು ಒಂದು ವರ್ಷ ನನ್ನ ಮುಖ ನೋಡ್ಕೊಂಡು ಕುಂತಿರು, ಗೊತ್ತಾಗ್ತದೆ."

ಸಿದ್ದೇಶ ನಕ್ಕಿದ್ದ. "ಮೇಡಮ್ಮು ಏನೇನು ಕೇಳ್ತಾರೆ?"

"ಏನಾರ ಕೇಳ್ಲಿ. ಇದ್ದದ್ದು ಹೇಳು."

ಇದ್ದದ್ದು ಏನೆಂದು ತನಗೆ ಗೊತ್ತಿಲ್ಲ ಎಂಬುದು ಆಗ ಅವನಿಗೆ ಹೊಳೆದಿರಲಿಲ್ಲ. ಸಿದ್ದೇಶನದು ಲಗೇಜ್ ಆಟೋ. ಕೋಳಿ ಕೂಗುವ ಮೊದಲೇ ಸವಳಂಗದ ಕಡೆಯ ಫಾರಮ್ಮಿಗೆ ಹೋಗಿ ಜೀವಂತ ಕೋಳಿ ತುಂಬಿಕೊಂಡು ಬಂದು, ಅಂಗಡಿ ಅಂಗಡಿಗೆ ಇಳಿಸಿ ಮನೆ ಸೇರುವುದು ಮಧ್ಯಾಹ್ನ ಎರಡಕ್ಕೆ. ಸ್ನಾನ, ಊಟ, ನಿದ್ದೆ. ಎರಡು ಥರದ ಸೋಪು ತಿಕ್ಕಿದರೂ ಆ ವಾಸನೆ ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಎಲ್ಲೋ ಉಳಿಯುತ್ತಿತ್ತು. ಮಗಳನ್ನು ಆಟೋದಲ್ಲಿ ಕರೆದೊಯ್ಯಬಾರದೆಂದು ಅಂಬಿಕಾಳ ಕಟ್ಟಪ್ಪಣೆ. ಹಾಗಾಗಿ ಬಸ್ಸು.

ಕೈಕಾಲು ಸ್ವಾಧೀನವಿಲ್ಲದ ಮಕ್ಕಳಿಗೆಂದು ಹೊನ್ನಾಳಿಯಲ್ಲಿದ್ದ ಕೇಂದ್ರವೆಂದರೆ ಶಾಲೆಯೊಂದರ ಹಿಂದಿನ ಉದ್ದ ಕೋಣೆ. ನೆಲಕ್ಕೆ ನೀಲಿ ಚಾಪೆ, ಎತ್ತಿನಷ್ಟು ದೊಡ್ಡ ಹಳದಿ ಚೆಂಡು, ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ಬೇಸಿನ್ನಿನ ತುಂಬ ರಾಗಿ, ರಾಗಿಯೊಳಗೆ ಮಕ್ಕಳು ಹುಡುಕಿ ತೆಗೆಯಲೆಂದು ಹುಗಿದಿಟ್ಟ ಗೋಲಿಗಳು. ಹನ್ನೊಂದು ಹೆಂಗಸರು, ಹನ್ನೊಂದು ಮಕ್ಕಳು. ಗಂಡಸು ಅಂತ ಇದ್ದವರು ರಿಜಿಸ್ಟರ್ ಬರೆಯುತ್ತಿದ್ದ ಗುರುಬಸವರಾಜ್ ಮೇಷ್ಟ್ರು ಒಬ್ಬರೇ.

ಸಿದ್ದೇಶ ಬಾಗಿಲಲ್ಲೇ ನಿಂತ. ದಪ್ಪಗೆ, ತಲೆ ಪೂರ್ತಿ ಬೆಳ್ಳಗಾದ ಹೆಂಗಸೊಬ್ಬಳು ಬಂದು ಅವನ ತೋಳಿನಿಂದ ಧನುಶ್ರೀಯನ್ನು ಕೇಳದೇ ಎತ್ತಿಕೊಂಡಳು. ಮೊಮ್ಮಗನನ್ನು ಕರೆದುಕೊಂಡು ಬರುವ ಅನ್ನಪೂರ್ಣಮ್ಮ.

"ಅಂಬಿಕಾ ಗಂಡ ಅಲ್ಲೇನು? ಎರಡು ವರ್ಷಕ್ಕೆ ದಾರಿ ಸಿಕ್ತಲ್ಲ, ಸಂತೋಷ. ಮೂಗು ಯಾಕೆ ಹಿಂಗೆ ಕೆಂಪಗೈತೆ ಕೂಸಿಗೆ?"

"ನೆಗಡಿ."

"ಹ್ಞೂಂ. ತಗಾ, ನೀನು ನನ್ನ ಮೊಮ್ಮಗ ಭೀಮೇಶನ್ನ ಹಿಡಿ. ಇಲ್ಲಿ ಯಾರೂ ತಮ್ಮ ಮಕ್ಕಳನ್ನ ತಾವೇ ಹಿಡಿಯಂಗಿಲ್ಲ. ಸ್ವಂತದೋರ ಕೈಯಾಗೆ ಇವು ಭಾರಿ ನಾಟಕ ಮಾಡ್ತಾವೆ, ಸ್ವಂತದೋರು ಕರಗಿಬಿಡ್ತಾರೆ. ಮಂದಿ ಮಕ್ಕಳಾದ್ರೆ ಕಾಲು ಸರಿಯಾಗಿ ಎಳೀಬೋದು."

ಹತ್ತು ವರ್ಷದ ಭೀಮೇಶನನ್ನು ಕಂಬಿಯ ನಡುವೆ ನಿಲ್ಲಿಸಿ ಸೊಂಟ ಹಿಡಿದುಕೊಳ್ಳುವುದು ಸಿದ್ದೇಶನ ಕೆಲಸವಾಯಿತು. ಭೀಮೇಶ ಎರಡು ಹೆಜ್ಜೆ ಇಟ್ಟು, ತಿರುಗಿ, ಅವನ ಅಂಗಿಯ ಗುಂಡಿಯೊಂದನ್ನು ಕಿತ್ತು ನೆಲಕ್ಕೆ ಬಿಟ್ಟ. ಮತ್ತೆರಡು ಹೆಜ್ಜೆಗೆ ಇನ್ನೊಂದು ಗುಂಡಿ. ಆ ಕಡೆ ಅನಿತಾ ಎಂಬ ಸಣ್ಣ ವಯಸ್ಸಿನ ತಾಯಿ ತನ್ನ ಮಗುವನ್ನು ಇನ್ನಾರಿಗೋ ಕೊಟ್ಟು ಧನುಶ್ರೀಯ ಕಾಲು ನೀವುತ್ತಿದ್ದಳು. ಧನುಶ್ರೀ ನಗುತ್ತಿದ್ದಳು. ಅವಳು ಅಷ್ಟು ದೊಡ್ಡ ದನಿಯಲ್ಲಿ ನಗುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಅವನು ಮಲಗಿದಾಗ ಮನೆಯಲ್ಲಿ ಸದ್ದು ಮಾಡುವಂತಿರಲಿಲ್ಲ.

ಹನ್ನೆರಡಕ್ಕೆ ಮೇಡಂ ಕರೆದರು. ಪುಷ್ಪಾವತಿ ಮೇಡಂ, ಕನ್ನಡಕ, ಖಾದಿ ಸೀರೆ, ಗಡಿಬಿಡಿ. ಮುಂದೆ ಆರು ಪ್ರಶ್ನೆಯ ಒಂದು ಹಾಳೆ.

"ಬಾಯಾರಿದ್ರೆ ತಿಳಿಸ್ತಾಳಾ?"

"ಇಲ್ಲ ಮೇಡಂ. ಮಾತು ಬರಲ್ಲ."

"ಮೂತ್ರ, ಸಂಡಾಸು ಬಂದ್ರೆ?"

"ಇಲ್ಲ ಅನಿಸ್ತದೆ."

"ನೋವಾದ್ರೆ, ಎಲ್ಲಿ ಅಂತ?"

"ಅಳ್ತಾಳೆ."

ಮೇಡಂ ಬರೆಯುತ್ತಾ ಹೋದರು. ಹಿಡಿಸಿದ್ದು, ಹಿಡಿಸದ್ದು ತೋರಿಸುತ್ತಾಳಾ? ಇಲ್ಲ. ಹೇಳಿದ್ದು ಅರ್ಥವಾಗುತ್ತದಾ? ಅದೂ ಇಲ್ಲ.

"ಮನೆಯವರನ್ನ ಗುರುತು ಹಿಡೀತಾಳಾ?"

"ಅವರಮ್ಮನ್ನ ಹಿಡೀತಾಳೆ."

"ನಿಮ್ಮನ್ನ?"

ಸಿದ್ದೇಶ ಮಗಳನ್ನು ನೋಡಿದ. ಅವಳು ಅವನನ್ನೇ ನೋಡುತ್ತಾ ಮೂಗು ಮುದುಡಿದಳು. ಅವನು ಟವೆಲಿಗೆ ಕೈ ಹಾಕಿದ.

"ಗೊತ್ತಿಲ್ಲ ಮೇಡಂ."

"ಏ ಮಾರಾಯ," ಎಂದು ಚಾಪೆಯ ಮೇಲಿಂದ ಅನ್ನಪೂರ್ಣಮ್ಮನ ದನಿ ಬಂತು. "ಏನೇನು ಬರೆಸ್ತಾ ಇದೀಯ ಅಲ್ಲಿ? ಮೇಡಮ್ಮನೋರೆ, ಅದನ್ನೆಲ್ಲ ಹೊಡೆದು ಹಾಕ್ರಿ. ಇವನಿಗೆ ಏನೂ ಗೊತ್ತಿಲ್ಲ. ಕೂಸು ಎಲ್ಲ ಹೇಳ್ತದೆ."

"ನಿಮಗೆ ಹೇಳುತ್ತೆ ಅಮ್ಮಾ. ನಾಳೆ ಶಾಲೆಯ ಟೀಚರು ಮನೆಯವರನ್ನ ತಾನೇ ಕೇಳೋದು? ಅಪ್ಪನಿಗೇ ಅರ್ಥ ಆಗದ್ದು ಅವರಿಗೆ ಹೇಗೆ ಅರ್ಥ ಆಗಬೇಕು?"

ಮಾತು ನ್ಯಾಯವಾಗಿತ್ತು. ಅಂಬಿಕಾಗೆ ಫೋನು ಮಾಡೋಣವೆಂದರೆ ಅವಳ ಫೋನು ಒಡೆದು ರಿಪೇರಿ ಅಂಗಡಿಯಲ್ಲಿತ್ತು. ಸಿದ್ದೇಶ ಹಾಳೆಯನ್ನು ನೋಡಿದ. ಒಂದರ ಕೆಳಗೊಂದು "ಇಲ್ಲ", ಮೇಡಂ ಅವರ ದುಂಡಗಿನ ಅಕ್ಷರದಲ್ಲಿ. ಹೆಂಡತಿಯ ಎರಡು ವರ್ಷದ ಬುಧವಾರಗಳನ್ನು ತಾನು ಐದು ನಿಮಿಷದಲ್ಲಿ ಹಾಳು ಮಾಡಿದ್ದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಗುರುಬಸವರಾಜ್ ಮೇಷ್ಟ್ರು ರಿಜಿಸ್ಟರಿನಿಂದ ತಲೆ ಎತ್ತಿದರು. "ಮೇಡಂ, ಇವರದ್ದು ಊಟ ಆದ ಮೇಲೆ ಇನ್ನೊಂದು ಸಲ ನೋಡಿಬಿಡಿ. ಇನ್ನೂ ನಾಲ್ಕು ಮಕ್ಕಳು ಇದ್ದಾವಲ್ಲ."

"ಮೂರಕ್ಕೆ ಹೊರಡ್ತೀನಿ. ನಾಳೆ ಜಗಳೂರಿದೆ," ಎಂದರು ಮೇಡಂ. ಹಾಳೆಯನ್ನು ಮಾತ್ರ ಫೈಲಿಗೆ ಸೇರಿಸದೆ ಪಕ್ಕಕ್ಕಿಟ್ಟರು.

ಊಟಕ್ಕೆ ಎಲ್ಲರೂ ವೃತ್ತವಾಗಿ ಕೂತರು. ಒಬ್ಬಳ ರೊಟ್ಟಿ, ಒಬ್ಬಳ ಹುರುಳಿಕಾಳು ಪಲ್ಯ, ಒಬ್ಬಳ ಚಿತ್ರಾನ್ನ. ಸಿದ್ದೇಶನ ಡಬ್ಬಿಯಲ್ಲಿ ಮಗಳಿಗೆಂದು ಕಿವುಚಿದ ಅನ್ನ ಮಾತ್ರ ಇತ್ತು. ಅವನ ತಟ್ಟೆಯನ್ನು ಅವರೇ ತುಂಬಿಸಿದರು. ತುಂಬಿಸಿದ ಮೇಲೆ ಪಾಠ ಶುರುವಾಯಿತು.

"ನಾಲಿಗೆ ತುದಿ ಕೆಳ್ತುಟಿ ಮೇಲೆ ಇಟ್ಟರೆ?" ಅನಿತಾ ಕೇಳಿದಳು.

"ಹಸಿವಾ?"

"ನೀರು. ಕಣ್ಣು ಮಾಳಿಗೆ ಕಡೆ ಹೋದ್ರೆ ಹೌದು, ಬೇಕು. ಕಣ್ಣು ಗಟ್ಟಿಯಾಗಿ ಮುಚ್ಚಿದ್ರೆ ಬ್ಯಾಡ. ಕಿವಿನ ಭುಜಕ್ಕೆ ಉಜ್ಜಿದ್ರೆ?"

"ಕಿವಿ ನೋವು."

ಹೆಂಗಸರು ನಕ್ಕರು. "ಕಿವಿ ನೋವು ಅಂತ ಔಷಧಿ ಹಾಕ್ಕೊಂಡು ಕೂತ್ಕೋ ನೀನು, ಚಾಪೆ ಪೂರ್ತಿ ತೋಯ್ತದೆ," ಎಂದಳು ಅನ್ನಪೂರ್ಣಮ್ಮ. "ಅದು ಉಚ್ಚೆ."

"ಯಾರು ಕಲಿಸಿದ್ರು ಇದನ್ನೆಲ್ಲ?"

"ಯಾರೂ ಕಲಿಸಿಲ್ಲ. ಅವಳು ಮಾಡ್ತಿದ್ಲು. ಅಂಬಿಕಾ ಗುರುತು ಹಿಡಿದಳು, ನಮಗೆ ಹೇಳಿದಳು."

ಸಿದ್ದೇಶ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮೂಗು ಮುದುಡಿದ್ರೆ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅನಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹೇಳ್ರಿ. ಬಸ್ಸಿನಾಗೆ ಏಳು ಸಲ ಒರೆಸೀನಿ."

"ಅದು ನೀನಪ್ಪ," ಎಂದಳು ಅನ್ನಪೂರ್ಣಮ್ಮ. "ಅಪ್ಪ ಅನ್ನಾಕೆ ಹಂಗೆ ಮಾಡ್ತಾಳೆ. ದಿನಾ ನೀನು ಒಳಗೆ ಬಂದ ಕೂಡ್ಲೆ ಅಂಬಿಕಾ 'ಅಪ್ಪ ಬಂದ' ಅಂತ ಮೂಗು ಮುಚ್ಕೊಂಡು ನಗಿಸ್ತಿದ್ಲಂತೆ. ಇವಳಿಗೆ ಕೈ ಎತ್ತಾಕೆ ಬರಲ್ಲ. ಮೂಗು ಮುದುಡ್ತಾಳೆ."

ಸಿದ್ದೇಶ ತೋಳನ್ನು ಎತ್ತಿ ಮೂಸಿ ನೋಡಿಕೊಂಡ. "ಇವತ್ತು ಗಾಡೀನೇ ತೆಗೆದಿಲ್ಲ. ಸ್ನಾನ ಮಾಡಿ ಬಂದೀನಿ."

"ಸ್ನಾನ ಮಾಡಿದ್ರೆ ಹೆಸರು ಬದಲಾಗ್ತದೇನು?"

ಈ ಸಲ ನಗು ನಿಲ್ಲಲು ಹೊತ್ತು ಹಿಡಿಯಿತು. ಅಷ್ಟು ನಗುವಿಗೆ ಭೀಮೇಶನೂ ಚಪ್ಪಾಳೆ ತಟ್ಟಿದ. ಸಿದ್ದೇಶ ನಗಲಿಲ್ಲ. ಮಗಳ ಮೂಗಿನ ತುದಿ ಸಿಪ್ಪೆ ಎದ್ದು ಕೆಂಪಾಗಿತ್ತು. ಅನಿತಾ ಬಾಟಲಿಯಿಂದ ಕೊಬ್ಬರಿ ಎಣ್ಣೆ ಬಗ್ಗಿಸಿ ಕೊಟ್ಟಳು. ಅವನು ಬೆರಳ ತುದಿಯಿಂದ ಹಚ್ಚಿದ.

ಎರಡೂವರೆಗೆ ಮೇಡಂ ಮತ್ತೆ ಕೂತರು. ಬಾಯಿ ಬಿಟ್ಟವರನ್ನು ಹೊರಗೆ ಕಳಿಸುವುದಾಗಿ ಮೇಷ್ಟ್ರು ಹೆಂಗಸರಿಗೆ ಮೊದಲೇ ಹೇಳಿದ್ದರು. ಸಿದ್ದೇಶ ಮಗಳನ್ನು ತೊಡೆಯ ಮೇಲೆ ಅಡ್ಡ ಕೂರಿಸಿಕೊಂಡ.

"ಏನಾದ್ರೂ ಕೇಳಿ ನೋಡಿ."

"ಧನು, ನೀರು ಬೇಕೇನವ್ವ?"

ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿದಳು.

"ಬ್ಯಾಡ ಅಂತಾಳೆ ಮೇಡಂ."

"ಕಣ್ಣು ಎಲ್ಲರೂ ಮುಚ್ಚುತ್ತಾರಲ್ರೀ," ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಇನ್ನೊಂದು ಕೇಳಿ."

ಕೇಳಲು ಅವನ ಹತ್ತಿರ ಇನ್ನೊಂದು ಇರಲಿಲ್ಲ. ಊಟದ ಹೊತ್ತಿನಲ್ಲಿ ಕಲಿತದ್ದೆಲ್ಲ ಕಲಸುಮೇಲೋಗರವಾಗಿ, ನಾಲಿಗೆ ಯಾವುದಕ್ಕೆ, ಮಾಳಿಗೆ ಯಾವುದಕ್ಕೆ ಎಂದು ತಡಕಾಡುತ್ತಿದ್ದ. ಅಷ್ಟರಲ್ಲಿ ಧನುಶ್ರೀ ತಲೆ ವಾಲಿಸಿ ಕಿವಿಯನ್ನು ಭುಜಕ್ಕೆ ಒಂದು ಸಲ ಉಜ್ಜಿದಳು. ಚಾಪೆಯ ಮೇಲೆ ಹನ್ನೊಂದು ಹೆಂಗಸರು ಅದನ್ನು ನೋಡಿದರು. ಅನ್ನಪೂರ್ಣಮ್ಮ ತುಟಿ ಕಚ್ಚಿಕೊಂಡಳು. ಧನುಶ್ರೀ ಇನ್ನೊಂದು ಸಲ ಉಜ್ಜಿದಳು.

ಸಿದ್ದೇಶ ಮಗಳನ್ನು ಎತ್ತಿಕೊಂಡು ಎದ್ದೇಬಿಟ್ಟ.

"ಎಲ್ಲಿಗೆ ಹೊರಟ್ರಿ? ಮುಗಿದಿಲ್ಲ ಇನ್ನೂ."

"ಉಚ್ಚೆ ಬಂದೈತೆ," ಎಂದು ಹೊರಗೆ ನಡೆದ.

ಶೌಚಾಲಯ ಕಟ್ಟಡದ ಹಿಂದಿತ್ತು. ಬಾಗಿಲು ಕಾಲಿನಿಂದ ತಳ್ಳಿ ಒಳಗೆ ಹೋದ ಮೇಲೆ, ಹೇಗೆ ಹಿಡಿದುಕೊಳ್ಳಬೇಕೆಂದು ಗೊತ್ತಾಗದೆ ನಿಂತ. ಒಂಬತ್ತು ವರ್ಷದಲ್ಲಿ ಈ ಕೆಲಸ ಅವನು ಒಮ್ಮೆಯೂ ಮಾಡಿರಲಿಲ್ಲ. ಹಿಂದೆಯೇ ಬಂದಿದ್ದ ಅನ್ನಪೂರ್ಣಮ್ಮ ಚಡ್ಡಿ ಬಿಚ್ಚಿದಳು. "ಬೆನ್ನನ್ನ ನಿನ್ನ ಎದೆಗೆ ಒತ್ತಿಕೋ. ಮಂಡಿ ಮಡಚು. ಹೆದರಬ್ಯಾಡ, ಮುರಿಯಲ್ಲ."

ಏನೂ ಆಗಲಿಲ್ಲ. ಗೋಡೆಯ ಮೇಲೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಬರೀ ಕಿವಿ ತುರಿಸಿರಬಹುದು. ಒಳಗೆ ಮೇಡಂ ಬ್ಯಾಗು ಕಟ್ಟುತ್ತಿರಬಹುದು. ಆಮೇಲೆ ಸದ್ದು ಬಂತು, ಸಣ್ಣಗೆ, ಮತ್ತೆ ಜೋರಾಗಿ, ಬಹಳ ಹೊತ್ತು. ಧನುಶ್ರೀಯ ಮೈ ಸಡಿಲವಾಗಿ ಅವನ ಎದೆಗೆ ಒರಗಿತು.

ಅನ್ನಪೂರ್ಣಮ್ಮ ಮುಂದಾಗಿ ಒಳಗೆ ಹೋಗಿ ಸಾಕ್ಷಿ ನುಡಿದಳು. "ಆಯ್ತು ಮೇಡಮ್ಮನೋರೆ. ಬೇಕಾದ್ರೆ ಬಂದು ನೋಡ್ರಿ, ಇನ್ನೂ ನೀರು ಹಾಕಿಲ್ಲ."

"ಬೇಡ ಬೇಡ. ಅಪ್ಪನಿಗೂ ಅರ್ಥ ಆಯ್ತಲ್ಲ, ಸಾಕು," ಎಂದ ಮೇಡಂ ಕನ್ನಡಕ ಏರಿಸಿಕೊಂಡು "ಇಲ್ಲ"ಗಳ ಮೇಲೆ ಗೀಟು ಎಳೆಯತೊಡಗಿದರು. ಒಂದೊಂದು ಗೀಟಿನ ಪಕ್ಕಕ್ಕೂ "ಹೌದು", ಅದರ ಪಕ್ಕ ಸಣ್ಣ ಸಹಿ. ಆರನೆಯದಕ್ಕೆ ಪೆನ್ನು ನಿಂತಿತು. "ಮನೆಯವರ ಗುರುತು. ಇಲ್ಲಿ ಬರೀ ತಾಯಿ ಅಂತಿದೆ. ತಂದೇನೂ ಸೇರಿಸ್ಲಾ?"

ಹೆಂಗಸರೆಲ್ಲ ಸಿದ್ದೇಶನನ್ನು ನೋಡಿದರು.

"ಸದ್ಯಕ್ಕೆ ಹಂಗೇ ಇರ್ಲಿ ಮೇಡಂ," ಎಂದ ಅವನು. "ವಾಸನೆಗೆ ಮಾಡ್ತಾಳೋ ಏನೋ. ನೋಡ್ಬೇಕು."

ಮೇಡಂಗೆ ಏನೂ ಅರ್ಥವಾಗಲಿಲ್ಲ. ಕೆಳಗೆ ಬರೆದರು: ಜೂನ್‌ನಿಂದ ಶಾಲೆಗೆ, ವಾರಕ್ಕೆ ಮೂರು ದಿನ, ಮೊದಲು ಅರ್ಧ ದಿನ. ಮೇಷ್ಟ್ರು ಜೆರಾಕ್ಸ್ ಮಾಡಿಸಿ ಒಂದು ಪ್ರತಿ ಕೊಟ್ಟರು. ಹೊರಡುವಾಗ ಅನಿತಾ ಅವನ ಅಂಗಿಯ ಐದು ಗುಂಡಿಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು.

ವಾಪಸು ಬರುವಾಗ ಕಿಟಕಿ ಪೂರ್ತಿ ತೆಗೆದಿತ್ತು. ಧನುಶ್ರೀ ಗಾಳಿಗೆ ಬಾಯಿ ಬಿಟ್ಟುಕೊಂಡು ನಿದ್ದೆ ಹೋದಳು.

ಮನೆ ಮುಟ್ಟಿದಾಗ ಅಂಬಿಕಾ ಗೋಡೆ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತಿದ್ದಳು. ಜೆರಾಕ್ಸ್ ಹಾಳೆಯನ್ನು ಎರಡು ಸಲ ಓದಿದಳು. ಗೀಟು ಹೊಡೆದದ್ದರ ಮೇಲೆ ಬೆರಳಿಟ್ಟು ಗಂಡನ ಮುಖ ನೋಡಿದಳು. ಏನು ನಡೆದಿರಬಹುದೆಂದು ಅವಳಿಗೆ ಹೊಳೆಯಿತು. ಕೆಳಗಿನ ಸಾಲು ಓದಿದ ಮೇಲೆ ಬೈಯುವ ಅಗತ್ಯ ಕಾಣಲಿಲ್ಲ.

"ಅರ್ಧ ದಿನ ಸಾಕು," ಎಂದಳು. "ಅರ್ಧ ದಿನ ನಾನೂ ಕಾಲು ಚಾಚ್ತೀನಿ. ಗುಂಡಿ ಏನಾದ್ವು?"

"ಭೀಮೇಶ. ನಾನು ಬಂದ ಕೂಡ್ಲೆ ನೀನು ಮೂಗು ಮುಚ್ಕೋತಿದ್ಯಂತೆ."

"ಮತ್ತೆ? ಅತ್ತರು ಬಳ್ಕೊಂಡು ಬರ್ತೀಯೇನು ನೀನು?"

"ನಂಗೆ ಯಾಕೆ ಹೇಳ್ಲಿಲ್ಲ ಇದನ್ನೆಲ್ಲ?"

"ಹೇಳೀನಿ. ಹ್ಞೂಂ ಹ್ಞೂಂ ಅಂದು ಮಲಗಿದೆ."

ಸಿದ್ದೇಶ ಮಗಳನ್ನು ಅಂಬಿಕಾಳ ಎದೆಗೆ ಒರಗಿಸಿ ಕೂರಿಸಿದ. ಧನುಶ್ರೀ ಎಚ್ಚರವಾಗಿ ಕಣ್ಣು ಬಿಟ್ಟಳು. ಅವನು ಮನೆಯ ಮುಂದೆ ನಿಂತಿದ್ದ ಆಟೋದ ಪಕ್ಕಕ್ಕೆ ಹೋಗಿ ನಿಂತ. ಖಾಲಿ ಕ್ರೇಟುಗಳಿಗೆ ಅಂಟಿದ್ದ ಪುಕ್ಕಗಳು ಗಾಳಿಗೆ ಅಲುಗುತ್ತಿದ್ದವು. ಧನುಶ್ರೀ ನೋಡಿದಳು. ಮೂಗು ಮುದುಡಿದಳು.

ಅದು ಗಾಡಿಗೂ ಇರಬಹುದು. ಸಿದ್ದೇಶ ಅಲ್ಲಿಂದ ಹೊರಟು ರಸ್ತೆ ದಾಟಿ ನಲ್ಲಿಯ ಹತ್ತಿರ ನಿಂತ. ಗಾಳಿ ಮನೆಯ ಕಡೆಯಿಂದ ಅವನ ಕಡೆಗೆ ಬೀಸುತ್ತಿತ್ತು. ಸೈಕಲ್ಲೊಂದು ಅಡ್ಡ ಹೋಯಿತು. ಅವಳ ಕತ್ತು ನಿಧಾನವಾಗಿ, ತಡವರಿಸುತ್ತಾ, ಆಟೋವನ್ನು ಬಿಟ್ಟು ರಸ್ತೆ ದಾಟಿ ಬಂತು. ಮೂಗು ಮುದುಡಿತು.

ಅವನು ಎದುರು ಮನೆಯ ಮೋಟು ಗೋಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತ.

"ಏನದು ಹುಡುಗಾಟ," ಎಂದಳು ಅಂಬಿಕಾ ಆ ಕಡೆಯಿಂದ. "ನಲ್ಲಿ ಹತ್ರ ಹೋದೋನು ಒಂದು ಕೊಡ ನೀರಾದ್ರೂ ತಗೊಂಡು ಬಾ."

ಸಿದ್ದೇಶ ಬಗ್ಗಿಕೊಂಡೇ ಗೋಡೆಯುದ್ದಕ್ಕೂ ಸರಿದು ಆ ತುದಿಯಲ್ಲಿ ತಲೆ ಎತ್ತಿದ. ಧನುಶ್ರೀ ಆಗಲೇ ಆ ತುದಿಗೆ ಕತ್ತು ತಿರುಗಿಸಿಕೊಂಡಿದ್ದಳು. ಎಣ್ಣೆ ಹಚ್ಚಿದ ಮೂಗು ಬಿಸಿಲಿಗೆ ಮಿಂಚುತ್ತಾ, ಮುದುಡಿ, ಕಾಯುತ್ತಿತ್ತು.