ಹೆಬ್ಬೆರಳಿನ ನಂಜು

ಮರದ ಬಿರುಕು ಮುಚ್ಚುವುದರಲ್ಲಿ ಅಪ್ಪನನ್ನು ಮೀರಿಸುವ ಬಡಗಿ ಇರಲಿಲ್ಲ. ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ ಪಾಲಿಶ್ ಹೊಡೆದರೆ ಬಿರುಕು ಎಲ್ಲಿತ್ತೆಂದು ಅವರಿಗೇ ಮರೆತುಹೋಗುತ್ತಿತ್ತು. ಉಳಿ ಜಾರಿ ಎಡಗೈ ಹೆಬ್ಬೆರಳಿನ ಬುಡ ಸೀಳಿದಾಗಲೂ ಅವರು ಅದನ್ನೇ ಮಾಡಿದರು. ಅಂಚುಗಳನ್ನು ಒತ್ತಿ ಹಿಡಿದು ಮೇಲೆ ಅಂಟು ಹಚ್ಚಿದರು. ಚೆನ್ನಾಗಿಯೇ ಕೂಡಿಕೊಂಡಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಎದುರು ಮೇಜಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನಿಗೂ ತಿಳಿದುಬಿಡುತ್ತಿತ್ತು.

ಅವರಿಬ್ಬರಿಗೂ ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಅಪ್ಪ ಮಾಡಿದ ಊಟದ ಮೇಜು ಒಯ್ಯಲು ಬಂದ ಗಿರಾಕಿಯ ಎದುರೇ ಚಿಕ್ಕಪ್ಪ, “ಈ ಕಾಲಲ್ಲಿ ಬಿರುಕಿದೆ, ಭಾರ ತಡೆಯಲ್ಲ” ಅಂದಿದ್ದರು. ಗಿರಾಕಿ ಬರಿಗೈಯಲ್ಲಿ ಹೋದ. ಅಪ್ಪ ಬಾಯಿ ಮುಚ್ಚಿದವರು ಮತ್ತೆ ತೆರೆಯಲಿಲ್ಲ. ಡಿಗ್ರಿ ಮುಗಿಸಿ, ಕೆಲಸ ಸಿಗುವ ತನಕ ಅಂತ ಅವರ ವರ್ಕ್‌ಶಾಪಿನಲ್ಲಿ ಪಾಲಿಶ್ ಹಚ್ಚುತ್ತಿದ್ದ ನಾನೇ ಅವರ ಮಾತಿನ ದಾರಿ.

“ಆ ಕಡೆಯವರ ಹತ್ತಿರ ಸ್ಯಾಂಡ್‌ಪೇಪರ್ ಇದೆಯಾ ಕೇಳು.”

ಕೈಯಳತೆಯಲ್ಲಿದ್ದ ಚಿಕ್ಕಪ್ಪ, “ಇದೆ ಅಂತ ಈ ಕಡೆಯವರಿಗೆ ಹೇಳು” ಅನ್ನುತ್ತಿದ್ದರು. ನಾನು ಹೇಳುವುದಕ್ಕೆ ಏನೂ ಉಳಿದಿರುತ್ತಿರಲಿಲ್ಲ.

ಜ್ವರ ಬಂದು, ಕೈ ಊದಿ, ಮಣಿಕಟ್ಟಿನ ತನಕ ಕೆಂಪು ಗೆರೆ ಏರಿದ ಮೇಲೆ ಅಮ್ಮ ಅತ್ತೆಗೆ ಫೋನ್ ಮಾಡಿದರು. ಅತ್ತೆ ಅಪ್ಪನ ಅಕ್ಕ. ಆಸ್ಪತ್ರೆಯಲ್ಲಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ನರ್ಸ್. ಬಂದವರು ಬೈಯಲಿಲ್ಲ. ಕೈಯನ್ನು ಮೂಗಿನ ಹತ್ತಿರ ಹಿಡಿದು, “ನಂಜೇರಿದೆ. ಚಪ್ಪಲಿ ಹಾಕ್ಕೋ” ಅಂದರು. ನಂಜು ಅನ್ನುವ ಮಾತನ್ನು ನಮ್ಮ ಮನೆಯಲ್ಲಿ ಕೆಟ್ಟ ಗಾಯಕ್ಕೂ ಆಡುತ್ತಾರೆ, ಒಳಗೇ ಇಟ್ಟುಕೊಂಡ ಸಿಟ್ಟಿಗೂ ಆಡುತ್ತಾರೆ. ಆ ದಿನ ಎಲ್ಲರ ಕಣ್ಣೂ ಕೈಯ ಮೇಲಿತ್ತು.

ಸರ್ಜನ್ ಗಾಯ ಬಿಡಿಸಿ ಕೀವು ತೆಗೆದರು. “ಮೂಳೆಗೆ ಇಳಿದರೆ ಬೆರಳು ತೆಗೀಬೇಕಾಗತ್ತೆ. ಒಂದು ವಾರ ನೋಡೋಣ” ಅಂದರು.

“ಹೊಲಿಗೆ ಹಾಕಿಬಿಡಿ” ಅಂದರು ಅಪ್ಪ.

“ನೀನೇ ಮುಚ್ಚಿದ್ದೆಯಲ್ಲ, ಸಾಲದಾ?” ಅತ್ತೆ ಗಾಜ್ ಪಟ್ಟಿಯನ್ನು ಚಿಮಟದಿಂದ ಗಾಯದ ಆಳಕ್ಕೆ ಇಳಿಸುತ್ತ ಹೇಳಿದರು. “ಮೇಲೆ ಮುಚ್ಚಿದರೆ ಒಳಗೆ ಕೊಳೆಯುತ್ತೆ ಕಣೋ. ಬಾಯಿ ತೆರೆದೇ ಇರಬೇಕು. ತಳದಿಂದ ತುಂಬ್ಕೊಂಡು ಬರಬೇಕು.”

ಮೊದಲೆರಡು ದಿನ ಅವರ ಕೆಲಸ ನೋಡುತ್ತ ನಿಂತಿರುತ್ತಿದ್ದೆ. ಹಳೆಯ ಪಟ್ಟಿ ಎಳೆಯುವ ಮೊದಲು ಅದನ್ನು ನೆನೆಸಿ ಕಾಯುತ್ತಿದ್ದರು. ಎಳೆಯುವಾಗ ಗಾಯಕ್ಕಿಂತ ಹೆಚ್ಚಾಗಿ ಮುಖ ನೋಡುತ್ತಿದ್ದರು. ಅಪ್ಪ ಉಸಿರು ಹಿಡಿದರೆ ಅವರ ಕೈಯೂ ನಿಲ್ಲುತ್ತಿತ್ತು. ಅಷ್ಟು ಅವಸರವಿಲ್ಲದ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಬೆಳಗಿನ ಡ್ರೆಸ್ಸಿಂಗ್ ಮಾತ್ರ ಆಸ್ಪತ್ರೆಯಲ್ಲಿ. “ಸಂಜೇದು ನಿನ್ನ ತಮ್ಮ ಮಾಡ್ತಾನೆ” ಅಂದರು ಅತ್ತೆ.

“ಮಗಳಿದ್ದಾಳೆ.”

“ಕೀವು ನೋಡಿದರೆ ನಿನ್ನ ಮಗಳಿಗೆ ತಲೆ ಸುತ್ತುತ್ತೆ. ಅವನ ಕೈ ನಡುಗಲ್ಲ. ಉಳಿ ಹಿಡಿಯೋದು ಕಲಿಸಿದ್ದು ನೀನೇ ಅಲ್ಲವಾ?” ಎರಡು ದಿನ ಪಕ್ಕದಲ್ಲೇ ನಿಂತು ನೋಡಿದ ನನಗೆ ತಲೆ ಸುತ್ತಿರಲಿಲ್ಲ.

ಮೊದಲ ಸಂಜೆ ಕಲಿಸಿಕೊಡಲು ಅತ್ತೆಯೇ ವರ್ಕ್‌ಶಾಪಿಗೆ ಬಂದರು. ಚಿಕ್ಕಪ್ಪ ಕೈ ತೊಳೆದು, ಚಿಮಟ ಹಿಡಿದು ಪಟ್ಟಿ ಎಳೆಯತೊಡಗಿದರು. ಅಪ್ಪ ಹಲ್ಲು ಕಚ್ಚಿದರು. ಚಿಕ್ಕಪ್ಪ ನನ್ನ ಕಡೆ ತಿರುಗಿ, “ನಿಲ್ಲಿಸಬೇಕಾ ಕೇಳು” ಅಂದರು.

“ಬೇಡ ಅನ್ನು” ಅಂದರು ಅಪ್ಪ.

“ನೋವು ಅವಳಿಗಾಗ್ತಿದೆಯೇನ್ರೋ?” ಅತ್ತೆ ನನ್ನ ತೋಳು ಹಿಡಿದರು. “ಬಾ, ಹೊರಗೆ ಕೂರೋಣ.”

ಹೊರಗೆ ಹಲಗೆಗಳ ಮೇಲೆ ಕೂತೆವು. ಒಳಗೆ ನೀರು ಸುರಿದ ಸದ್ದು. ಆಮೇಲೆ ಚಿಕ್ಕಪ್ಪನ ದನಿ: “ನೋವಾದ್ರೆ ಹೇಳು ಅಣ್ಣ.”

ಅಪ್ಪನ ದನಿ ಸಣ್ಣಗೆ ಬಂತು.

“ಆಗ್ತಿದೆ.”

ಚಿಮಟ ಬಟ್ಟಲಿಗೆ ತಗುಲಿತು. ಬಳಿಕ ಅಪ್ಪ, “ಆ ಗಿರಾಕಿ ಹೋದಮೇಲೆ ನನಗೊಬ್ಬನಿಗೇ ಹೇಳಬಹುದಿತ್ತಲ್ಲ” ಅಂದರು.

“ಅದಕ್ಕೂ ಮೊದಲೇ ಎಷ್ಟು ಸಲ ಹೇಳಿದೆ. ನೀನು ಪಾಲಿಶ್ ಹೊಡೀತಾನೇ ಇದ್ದೆ.”

“ಎಲ್ಲರೆದುರು ಮಾನ ಕಳೆದೆ.”

“ಅವರ ಮನೇಲಿ ಮಗು ಇತ್ತು. ಅದು ಮೇಜು ಹತ್ತಿ ಕೂತಿದ್ದರೆ?”

ದನಿಗಳು ಏರಿದವು. ಏನೋ ಕೆಳಗೆ ಬಿತ್ತು. ನಾನು ಎದ್ದೆ. ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, “ಕೂತ್ಕೋ. ಬರ್ಲಿ, ಎಲ್ಲಾ ಬರ್ಲಿ” ಅಂದರು. ಗಾಯ ತೊಳೆಯುವಾಗ ಇರುತ್ತಿದ್ದ ಅದೇ ನಿಧಾನ ಅವರ ಮುಖದಲ್ಲಿತ್ತು. ಒಳಗಿನಿಂದ ಚಿಕ್ಕಪ್ಪ ಗದರಿದ್ದು ಕೇಳಿತು: “ಕೈ ಅಲ್ಲಾಡಿಸಬೇಡ. ಬೈಯೋದಾದ್ರೆ ಬಾಯಲ್ಲಿ ಬೈ.”

ಒಂದೇ ಸಂಜೆಗೆ ಎಲ್ಲ ಸರಿಹೋಗಲಿಲ್ಲ. ಮರುದಿನವೂ ಜಗಳ ಇತ್ತು, ಅದರ ಮರುದಿನವೂ. ಆದರೆ ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ.

ವಾರ ಕಳೆದು ಸರ್ಜನ್ ನೋಡಿದಾಗ ಗಾಯದ ತಳದಲ್ಲಿ ಕೆಂಪು ಮಾಂಸ ಬೆಳೆದಿತ್ತು. ಬೆರಳು ಉಳಿಯಿತು. ಮೊದಲಿನಂತೆ ಮಾತ್ರ ಮಡಚುವುದಿಲ್ಲ. ಗರಗಸ ಹಾಕುವಾಗ ಎಡಗೈಯಲ್ಲಿ ಹಲಗೆ ನಿಲ್ಲುವುದಿಲ್ಲ.

ಕೆಲಸಕ್ಕೆ ಮರಳಿದ ದಿನ ಹಲಗೆ ಜಾರಿತು. ಅಪ್ಪ ನನ್ನ ಕಡೆ ನೋಡಲಿಲ್ಲ.

“ಆ ತುದಿ ಹಿಡಿಯೋ.”

“ಹಿಡಿದೇ ಇದ್ದೀನಿ.”

“ಗಟ್ಟಿಯಾಗಿ.”

“ಗಟ್ಟಿಯಾಗೇ ಇದೆ. ನೀನು ಕೊಯ್ಯಿ.”