ಎಮಿಲ್ ಹುಡಾಕನ ಟ್ರಾಮು

"ಎಡಕ್ಕೆ ಬಾ, ಚಕ್! ಮೆಟ್ಲು ನೋಡ್ಕೊಂಡು ಇಳಿ," ಎಂದು ಲೊರೆಟಾ ಹಲ್ಲು ಕಚ್ಚಿಕೊಂಡೇ ಗದರಿದಳು. ಶವಪೆಟ್ಟಿಗೆ ಒಮ್ಮೆ ವಾಲಿ ಮತ್ತೆ ಸಮವಾಯಿತು. ಹೊತ್ತ ಆರು ಜನರಲ್ಲಿ ಹೆಂಗಸು ಅವಳೊಬ್ಬಳೇ.

"ಒಳಗೆ ಮಲಗಿರೋನೂ ಹೀಗೇ ಬೈತಿದ್ದ," ಎಂದ ಚಕ್. ಸತ್ತವನ ಭಾವಮೈದ ಅವನು. "ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿ ಅವನ ಬಾಯಿ ನಿಂಗೇ ಬಂದ್ಬಿಟ್ಟಿದೆ, ಮಾರಾಯ್ತಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಇವತ್ತು ಕಣ್ಣು ಗಳಿಗೆಗೊಮ್ಮೆ ಕೈಗಡಿಯಾರದ ಕಡೆ ಓಡುತ್ತಿತ್ತು. ಈಗ ಪೆಟ್ಟಿಗೆಯಲ್ಲಿದ್ದ ಎಮಿಲ್ ಹುಡಾಕನೂ ಅವಳೂ ಸೇರಿ ದುರಸ್ತಿ ಮಾಡಿದ ಹಳೆಯ ಟ್ರಾಮು ಮೊದಲ ಸಲ ಜನರನ್ನು ಹತ್ತಿಸಿಕೊಳ್ಳುವ ದಿನ ಅದು. ಎರಡು ಗಂಟೆಗೆ ನಾಲ್ಕನೇ ತರಗತಿಯ ಮಕ್ಕಳು ಟ್ರಾಮಿನ ಶೆಡ್ಡಿಗೆ ಬರುವವರಿದ್ದರು. ಟ್ರಾಮಿನ ಓಡಾಟವನ್ನು ಮುಂದಕ್ಕೆ ಹಾಕೋಣವೆಂದು ಅವಳು ಎರಡು ಸಲ ಹೇಳಿ ನೋಡಿದ್ದಳು. ಎಮಿಲನ ಹೆಂಡತಿ ಬರ್ನೀಸ್ ಒಪ್ಪಿರಲಿಲ್ಲ.

ಸಮಾಧಿಯ ಬಳಿ ಪಾದ್ರಿಗಳು ಅವನನ್ನು ಒಳ್ಳೆಯ ಬಡಗಿ, ಒಳ್ಳೆಯ ನೆರೆಯವ ಎಂದರು. ಲೊರೆಟಾ ನಿಂತಲ್ಲಿ ನಿಲ್ಲಲಾರದೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕುತ್ತಿದ್ದಳು. ಮೂರು ವಾರದ ಹಿಂದೆ ತಾನು ಎಮಿಲನಿಗೆ ಆಡಿದ ಮಾತು ಒಳಗೆ ಚುಚ್ಚುತ್ತಲೇ ಇತ್ತು.

*

ಆ ಟ್ರಾಮು ಸಿಕ್ಕಿದ್ದು ನದಿಯಾಚೆಯ ಒಂದು ಹೊಲದಲ್ಲಿ. ಅದರೊಳಗೆ ಕೋಳಿ ಸಾಕಿದ್ದರು. ಮರದ ಕೆಲಸವೆಲ್ಲ ಎಮಿಲನದು, ವಿದ್ಯುತ್ತಿನದು ಲೊರೆಟಾಳದು. ಅವಳು ಕಂಬ ಹತ್ತುವ ಕೆಲಸದಿಂದ ನಿವೃತ್ತಳಾಗಿ ಬಂದವಳು. ಒಂದು ಕಿಟಕಿ ಸಣ್ಣಗೆ ಗಡಗಡಿಸಿತೆಂದು ಅವನು ಅದನ್ನು ನಾಲ್ಕು ಸಲ ಬಿಚ್ಚಿ ಕೂರಿಸಿದ್ದುಂಟು.

ಎಲ್ಲ ಮುಗಿಯುತ್ತ ಬಂದಾಗ ಲೊರೆಟಾ ಮಕ್ಕಳಿಗೆಂದು ಶೆಡ್ಡಿನ ಗೋಡೆಯ ಮೇಲೆ ಹಳೆಯ ಚಿತ್ರಗಳನ್ನು ಅಂಟಿಸಿದಳು. ಅವುಗಳಲ್ಲಿ ಒಂದು ಸಾವಿರದ ಒಂಬೈನೂರ ಅರವತ್ತನಾಲ್ಕರದು: ಸಾಲಾಗಿ ಉರಿಯುತ್ತಿರುವ ಟ್ರಾಮುಗಳು, ಎದುರಿಗೆ ಪಂಜು ಹಿಡಿದು ಬೆನ್ನು ಮಾಡಿ ನಿಂತ ಒಬ್ಬ ತರುಣ. ಎಮಿಲ್ ಅದನ್ನು ನೋಡಿ ಕಿತ್ತು ತೆಗೆದ.

"ಇದು ಬೇಡ."

"ಯಾಕೆ? ಬಸ್ಸು ಬಂತು ಅಂತ ಓಡೋ ಗಾಡಿಗಳನ್ನ ಕಂಪನಿಯವ್ರೇ ನಿಲ್ಸಿ ಸುಟ್ರು ಅನ್ನೋದು ಮಕ್ಕಳಿಗೆ ಗೊತ್ತಾಗ್ಬೇಡ್ವ?"

"ಬೇಡ ಅಂದೆ."

"ಒಂದಲ್ಲ ಒಂದು ಕೊಕ್ಕೆ ಹಾಕ್ತಾನೇ ಇರ್ತೀಯ. ಇದು ಓಡೋದೇ ನಿಂಗೆ ಬೇಕಿಲ್ಲ. ಒಂದು ಫೋಟೋ ನೋಡೋ ಧೈರ್ಯ ಇಲ್ಲ, ಹೇಡಿ!"

ಅವನು ಉಳಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿ ನಡೆದುಬಿಟ್ಟ. ಮತ್ತೆ ಬರಲಿಲ್ಲ. ಅವಳು ಫೋನು ಕೈಗೆತ್ತಿಕೊಂಡಿದ್ದೇ ಬಂತು, ಮಾಡಲಿಲ್ಲ. ಕಳೆದ ಬುಧವಾರ ಅವನ ಹೃದಯ ನಿಂತಿತು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲೆಕೋಸಿನ ಸುರುಳಿಗಳ ಊಟ ನಡೆದಿತ್ತು. ಲೊರೆಟಾ ಕೋಟು ಬಿಚ್ಚದೆ, ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಬರ್ನೀಸ್ ಬಂದು ತೋಳು ಹಿಡಿದಳು.

"ಕೂತ್ಕೊಳೇ. ಚೇಳು ಕಡಿದೋಳ ಥರ ಯಾಕಾಡ್ತೀಯ?"

"ನಾನು ಅವನಿಗೆ ಕೆಟ್ಟ ಮಾತು ಅಂದೆ, ಬರ್ನೀಸ್."

"ಗೊತ್ತು, ಹೇಳಿದ." ಅವಳು ದನಿ ತಗ್ಗಿಸಿದಳು. "ಆ ಫೋಟೋದಲ್ಲಿ ಇರೋನು ಅವನೇ."

ಲೊರೆಟಾ ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟಳು.

"ಆಗ ಇಪ್ಪತ್ತೆರಡು ವರ್ಷ. ಟ್ರಾಮ್ ಕಂಪನೀಲಿ ಕೆಲಸಕ್ಕಿದ್ದ, ಮೇಸ್ತ್ರಿ ಪಂಜು ಕೊಟ್ಟು ಹಚ್ಚು ಅಂದ. ಹದಿನೇಳು ಗಾಡಿ. ಅವರಪ್ಪ ಓಡಿಸ್ತಿದ್ದ ಗಾಡೀನೂ ಅದ್ರಲ್ಲಿತ್ತು. ಅಪ್ಪ ಬೇಲಿ ಹತ್ರ ನಿಂತು ನೋಡಿದ್ರಂತೆ. ಸಾಯೋವರೆಗೂ ಆ ಮಾತೇ ಎತ್ಲಿಲ್ಲ. ಇವನು ನಂಗೆ ಹೇಳಿದ್ದೇ ಮದುವೆಯಾಗಿ ಮೂವತ್ತು ವರ್ಷಕ್ಕೆ."

"ನನ್ ಮೇಲೆ ಸಿಟ್ಟಿತ್ತಾ?"

"ಇಲ್ದೆ? ಎರಡು ದಿನ ನೆಟ್ಟಗೆ ಊಟ ಮಾಡ್ಲಿಲ್ಲ. ಆಮೇಲೆ, 'ಅವಳಂದಿದ್ದು ಸರಿ, ಮಕ್ಕಳಿಗೆ ನಾನೇ ಹೇಳ್ತೀನಿ' ಅಂದ. ದಿನಾ ಕನ್ನಡಿ ಮುಂದೆ ನಿಂತು ಹೇಳಿ ನೋಡೋನು. ಮೊದಲ್ನೇ ಮಾತು ದಾಟೋಕೇ ಆಗ್ತಿರ್ಲಿಲ್ಲ. 'ಲೊರೆಟಾಗೆ ಫೋನ್ ಮಾಡು' ಅಂತ ನಾನಂದ್ರೆ, 'ಮೊದ್ಲು ಬಾಯಿಗೆ ಬರ್ಲಿ' ಅಂತಿದ್ದ." ಬರ್ನೀಸ್ ಕೋಟಿನ ಗುಂಡಿ ಹಾಕಿಕೊಂಡಳು. "ನಡಿ, ನಾನೂ ಬರ್ತೀನಿ."

ಇಷ್ಟು ವರ್ಷದಲ್ಲಿ ಬರ್ನೀಸ್ ಆ ಶೆಡ್ಡಿನೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

*

ಮಕ್ಕಳು ಗಲಾಟೆ ಮಾಡುತ್ತ ಟ್ರಾಮು ಹತ್ತಿ ಕುಳಿತರು. ಬರ್ನೀಸ್ ಕಂಬಿ ಹಿಡಿದು ಎದುರಿಗೆ ನಿಂತಳು.

"ನನ್ನ ಗಂಡ ಎಮಿಲ್ ಹುಡಾಕ್ ಇಂಥ ಹದಿನೇಳು ಗಾಡಿಗಳಿಗೆ ಬೆಂಕಿ ಹಚ್ಚಿದ. ಇದನ್ನ ಸರಿ ಮಾಡಿದ್ದೂ ಅವನೇ."

"ಯಾಕೆ ಹಚ್ಚಿದ್ರು?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಹಚ್ಚು ಅಂದ್ರು, ಹಚ್ಚಿದ."

"ಆಗಲ್ಲ ಅನ್ಬಹುದಿತ್ತಲ್ವಾ?"

"ಅನ್ಬಹುದಿತ್ತು," ಎಂದಳು ಬರ್ನೀಸ್.

ಲೊರೆಟಾ ಬ್ರೇಕು ಬಿಟ್ಟಳು. ಟ್ರಾಮು ಒಮ್ಮೆ ಜಗ್ಗಿ, ನದಿಯ ದಂಡೆಗುಂಟ ಹೊರಟಿತು. ಕಿಟಕಿಗಳಲ್ಲಿ ಒಂದೂ ಗಡಗಡಿಸಲಿಲ್ಲ.

ಹಳಿ ಮುಗಿದಲ್ಲಿ ನಿಲ್ಲಿಸಿ ಅವಳು ಗಾಡಿ ಓಡಿಸುವ ಹಿಡಿಕೆ ಕಿತ್ತು ಕೈಗೆ ತೆಗೆದುಕೊಂಡಳು. "ಗಾಡಿ ತಿರುಗೋದಿಲ್ಲ, ಮಕ್ಕಳೇ. ಇನ್ನು ಆ ಕಡೆ ತುದೀನೇ ಮುಂದೆ. ಎಲ್ರೂ ಎದ್ದೇಳಿ, ಸೀಟಿನ ಒರಗು ಆಚೆಗೆ ತಳ್ಬೇಕು, ಆಗ ಸೀಟು ಆ ಕಡೆ ಮುಖ ಮಾಡುತ್ತೆ."

ಎಲ್ಲರಿಗಿಂತ ಮೊದಲು ಬರ್ನೀಸ್ ಕೈಗವಸು ಕಳಚಿ ಮುಂದಿನ ಸೀಟಿನ ಒರಗಿಗೆ ಕೈ ಹಾಕಿದಳು. ಅದು ಅಲುಗಲಿಲ್ಲ. ಎರಡೂ ಕೈಯಿಂದ ತಳ್ಳಿದಾಗ ಟಕ್ಕೆಂದು ಆಚೆಗೆ ಬಿತ್ತು. ಆಮೇಲೆ ಮುಂದಿನದು, ಅದರ ಮುಂದಿನದು. ಪ್ರಶ್ನೆ ಕೇಳಿದ ಹುಡುಗಿ ಎದುರು ಸಾಲು ಹಿಡಿದಳು. ಲೊರೆಟಾ ಆ ತುದಿ ಮುಟ್ಟಿ ಹಿಡಿಕೆ ಕೂರಿಸಿ ಹಿಂತಿರುಗಿ ನೋಡಿದಾಗ ಸೀಟುಗಳೆಲ್ಲ ಅವಳ ಕಡೆ ಮುಖ ಮಾಡಿದ್ದವು. ಮೊದಲನೆಯದರಲ್ಲಿ ಬರ್ನೀಸ್ ಏದುಸಿರು ಬಿಡುತ್ತ, ಕಪ್ಪು ಕೋಟಿನಲ್ಲಿ ನೆಟ್ಟಗೆ ಕುಳಿತು, ಗಾಡಿ ಹೊರಡುವುದನ್ನು ಕಾಯುತ್ತಿದ್ದಳು.