ಕಿವಿಯಲ್ಲಿ ಹೇಳಿದ ಮಾತು

ಮಾಯಕ್ಕನ ಹೆಸರಿನ ಮುಂದೆ ಸೊನ್ನೆ ಇತ್ತು. ಮಹಿಳಾ ಸಂಘಗಳಿಗೆ ನೆರವು ಕೊಡುವ, ಬೆಳಗಾವಿಯ ಹಿಂದವಾಡಿಯ ಕಚೇರಿಯಿಂದ ಬಂದಿದ್ದ ಅನುರಾಧಾ ಮೊಬೈಲನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು. ಸಂಘದ ಸಭೆಯಲ್ಲಿ ಯಾರ ದನಿ ಎಷ್ಟು ಹೊತ್ತು ಕೇಳಿಸಿತೆಂದು ಅದು ಅಳೆದಿತ್ತು. ಅರ್ಧಕ್ಕಿಂತ ಹೆಚ್ಚು ಪಾಲು ಮಾಯಕ್ಕನ ಅತ್ತೆ ಸಾವಂತ್ರವ್ವನದು. ಖಾನಾಪುರ ಬಸ್ ನಿಲ್ದಾಣದ ಹತ್ತಿರ ಸಂಘ ತೆರೆಯಲಿರುವ ರೊಟ್ಟಿ ಅಂಗಡಿಯನ್ನು ಹೆಚ್ಚು ಮಾತಾಡಿದವರಿಗೇ ಒಪ್ಪಿಸುವುದೆಂದು ಕಚೇರಿ ತೀರ್ಮಾನಿಸಿತ್ತು. ಎಂಥ ಕಚೇರಿಯೋ, ಎಂಥ ತೀರ್ಮಾನವೋ!

ಮಾಯಕ್ಕನಿಗೆ ಮೈಯೆಲ್ಲ ಉರಿಯಿತು. ಅತ್ತೆ ಕೂತಿರುವಾಗ ಸೊಸೆ ನಾಲ್ಕು ಮಂದಿಯ ಎದುರು ದನಿ ತೆಗೆಯುವುದು ಅವರ ಓಣಿಯ ರೂಢಿಯಲ್ಲ. ಏನಿದ್ದರೂ ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ಮಂದಿಗೆ ಹೇಳುತ್ತಾಳೆ. ಮುಂಜಾನೆಯ ರೈಲಿಗೆ ಬೆಳಗಾವಿಗೆ ಹೋಗುವವರಿಗೆ ರೊಟ್ಟಿ ಕಟ್ಟಿಕೊಡೋಣ ಎಂದದ್ದು ಮಾಯಕ್ಕ. ಹಲಸಿಯ ಗುಡಿ ನೋಡಲು ಬರುವವರಿಗೆ ಮಧ್ಯಾಹ್ನ ಕಡಲೆಹಿಟ್ಟಿನ ಜುಣಕದ ವಡಿ ಇಡೋಣ ಎಂದದ್ದೂ ಅವಳೇ. ಮೊಬೈಲಿಗೆ ಪಿಸುಮಾತು ಕೇಳಿಸಿದರೆ ತಾನೆ?

"ಮಾಯಕ್ಕಾ, ನೀವು ಒಂದ್ ಮಾತರ ಆಡಬೇಕಿತ್ತಲ್ರೀ," ಎಂದು ಅನುರಾಧಾ ಮರುಗಿದಳು. ಮಾಯಕ್ಕ ಅತ್ತೆಯ ಮುಖ ನೋಡಿದಳು. ಅದೆಲ್ಲ ಸೊಸೆಯದೆಂದು ಸಾವಂತ್ರವ್ವ ಆಗಲಾದರೂ ಹೇಳಬಹುದಿತ್ತು. ಅವಳು ಸೆರಗು ಸರಿಮಾಡಿಕೊಂಡು, ಮಂದಿಯ ಹೊಗಳಿಕೆ ಕೇಳುತ್ತ ಕೂತಳು.

ಮನೆಯ ದಾರಿಯಲ್ಲಿ ಮಾಯಕ್ಕನಿಗೆ ತಡೆಯಲಾಗಲಿಲ್ಲ. "ಅತ್ತಿ, ಅವೆಲ್ಲಾ ನಾ ಹೇಳಿದ್ದು ಅಂತ ಯಾಕ ಹೇಳಲಿಲ್ರಿ?"

"ನಿಂದ್ ಬ್ಯಾರೆ, ನಂದ್ ಬ್ಯಾರೆ ಏನ? ಎಲ್ಲಾ ಒಂದ ಮನಿ ಅಲ್ಲೇನ?"

ಒಂದೇ ಮನೆಯಂತೆ! ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವಳು ಒಬ್ಬಳೇ. ಇನ್ನೊಬ್ಬಳ ಪಾಲಿಗೆ ಅಲ್ಲಿಯೂ ಅದೇ ಒಲೆ, ಅದೇ ಹೊಗೆ. ತಾನೇ ಕನಸು ಕಂಡ ಅಂಗಡಿಯಲ್ಲಿ ತಾನು ರೊಟ್ಟಿ ಬಡಿಯುವ ಆಳು. ಮಾಯಕ್ಕ ಆ ಸಂಜೆ ಊಟ ಮಾಡಲಿಲ್ಲ.

ಮರುವಾರ ಅಂಗಡಿಯ ಬಗ್ಗೆ ಕೊನೆಯ ಸಭೆ. ಜಮಖಾನೆಯ ನಡುವೆ ಮೊಬೈಲು ಇತ್ತು. ಯಾರಾದರೂ ಮಾತಾಡಿದರೆ ಅದರೊಳಗಿನ ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಮಳೆಗಾಲದಲ್ಲಿ ಗಿರಾಕಿ ಕಡಿಮೆಯಾದರೆ ಏನು ಮಾಡುತ್ತೀರಿ ಎಂದು ಅನುರಾಧಾ ಕೇಳಿದಳು. ಎಲ್ಲರೂ ಸಾವಂತ್ರವ್ವನ ಕಡೆ ತಿರುಗಿದರು.

ಸಾವಂತ್ರವ್ವ ಎಂದಿನಂತೆ ಸೊಸೆಯ ಕಡೆ ವಾಲಿ, ಕಿವಿಯ ಮೇಲಿನ ಸೆರಗನ್ನು ತುಸು ಹಿಂದೆ ಸರಿಸಿದಳು. ಮಾಯಕ್ಕನ ಹತ್ತಿರ ಉತ್ತರ ಬೆಳಗ್ಗೆಯಿಂದಲೇ ಸಿದ್ಧವಿತ್ತು. ಅವಳು ತುಟಿ ಬಿಗಿದು ಕೂತಳು.

ಸಾವಂತ್ರವ್ವ ಇನ್ನಷ್ಟು ವಾಲಿದಳು. ಮೊಬೈಲಿನ ಗೆರೆ ಏರದೆ, ಇಳಿಯದೆ ನೇರವಾಗಿ ಸಾಗಿತ್ತು.